ಪುಟ್ಟನ ಮೇಲೆ ಅಕ್ಕ ಹಾಕಿದ ಕೇಸು

ಅಕ್ಕನ ಫೋನ್ ಬಂದಾಗ ನಾನು ನ್ಯೂಜೆರ್ಸಿಯ ಎಡಿಸನ್ನಿನ ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ಗಾಳಿ ತುಂಬುತ್ತಿದ್ದೆ. "ಜಡ್ಜ್ ಒಂದ್ಸಲ ಕೂರಿಸ್ಕೊಂಡು ಗದರಿಸಿದ್ರೆ ಸರಿಹೋಗ್ತಾನೆ ಅಂತಾರೆ ಕಣೋ. ನೀನು ಜೊತೇಲಿ ಬರ್ತೀಯಾ?" ಅಂದಳು.

ಗದರಿಸಬೇಕಾಗಿದ್ದು ಅವಳ ಮಗ ಪುಟ್ಟನನ್ನು. ವಯಸ್ಸು 15, ಎತ್ತರದಲ್ಲಿ ನನಗಿಂತ ಎರಡಿಂಚು ಜಾಸ್ತಿ, ಆದರೂ ಮನೆಯವರಿಗೆಲ್ಲ ಪುಟ್ಟನೇ. ಮೈಸೂರಿನಿಂದ ನ್ಯೂಯಾರ್ಕ್ ಸಿಟಿಯ ಕ್ವೀನ್ಸ್‌ಗೆ ಬಂದು ಎರಡು ವರ್ಷ. 41 ದಿನ ಸ್ಕೂಲಿಗೆ ಹೋಗಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದ, ಫ್ಲಶಿಂಗ್‌ನಲ್ಲಿ 7 ನಂಬರಿನ ಟ್ರೈನ್ ಹತ್ತಿ ಹಡ್ಸನ್ ಯಾರ್ಡ್ಸ್‌ವರೆಗೂ ಹೋಗುತ್ತಿದ್ದ. ಅದೇ ಟ್ರೈನಿನಲ್ಲಿ ವಾಪಸ್. ಮತ್ತೆ ಹೋಗುವುದು, ಮತ್ತೆ ಬರುವುದು.

ಸ್ಕೂಲಿನವರು ತಿಳಿಸಲಿಲ್ಲ ಅಂತಲ್ಲ. ಮೂರು ಕಾಗದ ಬಂದಿದ್ದವು. ಆದರೆ ಅಕ್ಕ, ಭಾವ ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಬ್ಯಾಂಕು, ಆಸ್ಪತ್ರೆ, ಮನೆ ಓನರು, ಯಾವ ಕಾಗದ ಬಂದರೂ ಓದಿ ಹೇಳುವ ಕೆಲಸ ಪುಟ್ಟನದು. ಇವನ್ನೂ ಅವನೇ ಓದಿದ. "ಏನಿಲ್ಲಮ್ಮ, ಎಲ್ಲರೂ ಫ್ಲೂ ಇಂಜೆಕ್ಷನ್ ತಗೋಬೇಕಂತೆ." ಅಕ್ಕ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೂ ಬಂದಿದ್ದಳು.

(ಇದನ್ನೆಲ್ಲ ಪುಟ್ಟನನ್ನು ಕೇಳಿಯೇ ಬರೆಯುತ್ತಿದ್ದೇನೆ. ಇಂಜೆಕ್ಷನ್ ವಿಷಯ ಬಿಡಬೇಡ ಅಂತ ಅವನೇ ಹೇಳಿದ.)

ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಕಾನೂನಿದೆ. ಇಂಗ್ಲಿಷಿನಲ್ಲಿ 'ಪರ್ಸನ್ ಇನ್ ನೀಡ್ ಆಫ್ ಸೂಪರ್ವಿಷನ್', ಬಾಯಿಮಾತಿನಲ್ಲಿ 'ಪಿನ್ಸ್'. 1962ರ ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲಿ ಬಂದದ್ದು. ಕಳ್ಳತನ, ಹೊಡೆದಾಟ ಮಾಡಿದ ಮಕ್ಕಳೇ ಬೇರೆ, ಸ್ಕೂಲಿಗೆ ಚಕ್ಕರ್ ಹೊಡೆಯುವ, ಮನೆ ಬಿಟ್ಟು ಓಡುವ, ಯಾರ ಮಾತೂ ಕೇಳದ ಮಕ್ಕಳೇ ಬೇರೆ ಅಂತ ವಿಂಗಡಿಸಿದರು. ಆಗ ಹುಡುಗರಿಗೆ 16ರವರೆಗೆ, ಹುಡುಗಿಯರಿಗೆ 18ರವರೆಗೆ ಅನ್ವಯ ಆಗುತ್ತಿತ್ತು. ಹೆಣ್ಣುಮಕ್ಕಳ ಮೇಲೆ ಎರಡು ವರ್ಷ ಜಾಸ್ತಿ ಕಣ್ಣು, ಅಲ್ಲೂ ಅದೇ ಕಥೆ ನೋಡಿ! 1972ರಲ್ಲಿ ರಾಜ್ಯದ ಮೇಲಿನ ಕೋರ್ಟ್ ಆ ಭೇದ ತಪ್ಪು ಅಂತ ತೆಗೆದುಹಾಕಿತು. 2002ರಿಂದ ಎಲ್ಲರಿಗೂ 18.

ಸರಿ, ಅಕ್ಕ ಅಂದುಕೊಂಡ ಹಾಗೆ ನೇರವಾಗಿ ಜಡ್ಜ್ ಮುಂದೆ ಹೋಗೋಕೆ ಆಗುವುದಿಲ್ಲ. ಮೊದಲು 'ಡೈವರ್ಷನ್' ಅನ್ನುವ ಹಂತ. ಕೋರ್ಟಿನ ಹೊರಗೇ ಬಗೆಹರಿಸುವ ಪ್ರಯತ್ನ ಮಾಡಿದ್ದೇವೆ, ಅದರಿಂದ ಇನ್ನು ಪ್ರಯೋಜನ ಇಲ್ಲ ಅಂತ ಬರಹದಲ್ಲಿ ತೋರಿಸದೆ ಅರ್ಜಿ ಹಾಕುವ ಹಾಗಿಲ್ಲ. 2005ರಲ್ಲಿ ಈ ನಿಯಮವನ್ನು ಬಿಗಿ ಮಾಡಿದರು. ಸ್ಕೂಲಿನವರೂ ಅರ್ಜಿ ಹಾಕಬಹುದು, ಆದರೆ ತಾವು ಏನೇನು ಪ್ರಯತ್ನ ಮಾಡಿದೆವು ಅಂತ ಅವರೂ ಹೇಳಬೇಕು. ನ್ಯೂಯಾರ್ಕ್ ಸಿಟಿಯಲ್ಲಿ ಇದನ್ನು ನೋಡಿಕೊಳ್ಳುವುದು ಎಸಿಎಸ್, ಅಂದರೆ ನಗರದ ಮಕ್ಕಳ ಸೇವಾ ಇಲಾಖೆ, ನಡೆಸುವ 'ಫ್ಯಾಮಿಲಿ ಅಸೆಸ್‌ಮೆಂಟ್ ಪ್ರೋಗ್ರಾಂ'.

ಅಲ್ಲಿನ ಸೋಷಿಯಲ್ ವರ್ಕರ್ ಒಬ್ಬ ದೊಡ್ಡ ಹೆಂಗಸು. ಪುಟ್ಟನೇ ಅನುವಾದ ಮಾಡೋಕೆ ಬಾಯಿ ತೆಗೆದ. ಆಕೆ ಕೈ ಅಡ್ಡ ಹಿಡಿದು, "ನೀನು ಇವತ್ತು ಬರೀ ಮಗ" ಅಂದರು. ಫೋನಿನಲ್ಲಿ ಕನ್ನಡದವರೊಬ್ಬರನ್ನು ಕನೆಕ್ಟ್ ಮಾಡಿಸಿದರು. ಆಮೇಲೆ ಪುಟ್ಟನಿಗೆ, ಇಲ್ಲಿ ನೀನು ಹೇಳಿದ್ದನ್ನು ಮುಂದೆ ಕೋರ್ಟಿನ ವಿಚಾರಣೆಯಲ್ಲಿ ಸಾಕ್ಷಿಯಾಗಿ ಬಳಸುವ ಹಾಗಿಲ್ಲ ಅಂತ ಬಿಡಿಸಿ ಹೇಳಿದರು. ಕಾನೂನಿನಲ್ಲೇ ಹಾಗಿದೆ. ಪುಟ್ಟ ತುಂಬಾ ಹೊತ್ತು ಶೂ ಲೇಸ್ ಎಳೆದುಕೊಂಡು ಕೂತಿದ್ದ. ಆಮೇಲೆ ಮೆಲ್ಲಗೆ ಹೇಳಿದ: ಹೋದ ವರ್ಷ ಅಮ್ಮನಿಗೆ ಆಪರೇಷನ್ ಬೇಕು ಅಂದಾಗ ಡಾಕ್ಟರ್ ಹೇಳಿದ್ದನ್ನು ಅಮ್ಮನಿಗೆ ಹೇಳಿದವನು ನಾನೇ. ಅರ್ಧ ಹೇಳಿದೆ, ಅರ್ಧ ಹೇಳಲಿಲ್ಲ. ಆಮೇಲೆ ಕ್ಲಾಸಲ್ಲಿ ಕೂತರೆ ಏನೂ ತಲೆಗೆ ಹೋಗ್ತಿರಲಿಲ್ಲ.

ಅಷ್ಟು ಹೊತ್ತಿಗೆ ಅಕ್ಕ ಗುಣವಾಗಿ ಎಂಟು ತಿಂಗಳಾಗಿತ್ತು. ಆ ಇನ್ನರ್ಧ ಏನು ಅಂತ ಅವಳಿಗೆ ಗೊತ್ತಾಗಿದ್ದು ಆವತ್ತೇ, ಫೋನಿನಲ್ಲಿದ್ದ ಅಪರಿಚಿತರ ಬಾಯಿಂದ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹೋಗಲಿಲ್ಲ. ಕೌನ್ಸೆಲರ್ ವಾರವಾರ ಮನೆಗೆ ಬಂದರು, ಒಂದಷ್ಟು ದಿನ ಸ್ಕೂಲೂ ನಡೆಯಿತು. ಒಂದು ದಿನ ಭಾವ ಸಿಟ್ಟಿನಲ್ಲಿ ಫೋನ್ ಕಿತ್ತುಕೊಂಡರು, ಪುಟ್ಟ ಬಾಗಿಲು ದಢಾರ್ ಅನ್ನಿಸಿ ಹೋದ. ಎರಡು ರಾತ್ರಿ ಬರಲಿಲ್ಲ. ಎಲ್ಲಿದ್ದ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಹೇಳುವುದಿದ್ದರೆ ಅವನೇ ಹೇಳಲಿ. ಬಂದ ಮೇಲೂ ಕೌನ್ಸೆಲರ್ ಎದುರು ಬಾಯಿಬಿಡಲಿಲ್ಲ. ಕೊನೆಗೆ ಅಕ್ಕ ಅರ್ಜಿ ಹಾಕಿದಳು.

ಅರ್ಜಿಯಲ್ಲಿ ತಾಯಿ ಅರ್ಜಿದಾರಳು, ಮಗ ಪ್ರತಿವಾದಿ. ಸಹಿ ಮಾಡುವಾಗ ಅಕ್ಕ ಎರಡು ಹೆಸರಿನ ಮೇಲೂ ಬೆರಳಿಟ್ಟು ನೋಡಿದಳು. "ಶಾಲೆಗೆ ಸೇರಿಸುವಾಗಲೂ ಇಬ್ಬರ ಹೆಸರೂ ಹೀಗೇ ಒಂದೇ ಕಾಗದದಲ್ಲಿ ಬರೆದಿದ್ದೆ" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮಗುವಿಗೆ ಅದರದ್ದೇ ವಕೀಲರನ್ನು ಕೋರ್ಟ್ ಕೊಡುತ್ತದೆ. ನಮ್ಮವರಿಗೆ ತಲೆಗೆ ಹೋಗದೇ ಇರುವುದು ಇದೇ. ಆ ವಕೀಲರು ಅಪ್ಪ ಅಮ್ಮನ ಮಾತು ಕೇಳುವವರಲ್ಲ, ಮಗು ಹೇಳಿದ್ದನ್ನು ಅದರ ಪರವಾಗಿ ಹೇಳುವವರು. ಕಾರಿಡಾರಿನಲ್ಲಿ ಬಂದು ನಮ್ಮನ್ನು ನೋಡಿ ನಕ್ಕರು, ಪುಟ್ಟನನ್ನು ಮಾತ್ರ ಪಕ್ಕಕ್ಕೆ ಕರೆದುಕೊಂಡು ಹೋದರು. ಭಾವನ ಮುಖ ನೋಡಬೇಕಿತ್ತು!

ಒಳಗೆ ಹೋದರೆ ಜಡ್ಜ್ ಗದರಿಸಲೇ ಇಲ್ಲ. ಮೊದಲು ಹೇಳಿದ್ದೇ, "ನಿನಗೆ ಸುಮ್ಮನಿರುವ ಹಕ್ಕಿದೆ" ಅಂತ. ಅಕ್ಕ ನನ್ನ ಕಡೆ ಬಗ್ಗಿ, "ಮಾತಾಡಿಸೋಕೆ ಕರ್ಕೊಂಡು ಬಂದ್ರೆ ಸುಮ್ನಿರು ಅಂತಾರಲ್ಲೋ!" ಅಂತ ಪಿಸುಗುಟ್ಟಿದಳು.

ಆವತ್ತಿನ ಇಂಟರ್‌ಪ್ರಿಟರ್ ಮಾತು ಧಾರವಾಡದ ಕಡೆಯದು. ಸೂಪರ್ವಿಷನ್ ಅಂದದ್ದಕ್ಕೆ ಅವರು 'ಮೇಲ್ವಿಚಾರಣೆ' ಅಂದರು. ಅಕ್ಕ ಕಕ್ಕಾಬಿಕ್ಕಿ. ಮೇಲ್ವಿಚಾರಣೆ ಅಂದರೆ ಅವಳ ಪಾಲಿಗೆ ರೋಡ್ ಹಾಕಿಸುವವರು ಮಾಡುವ ಕೆಲಸ. ಇಂಟರ್‌ಪ್ರಿಟರ್ ಜಡ್ಜ್ ಅನುಮತಿ ಕೇಳಿ ಬಿಡಿಸಿ ಹೇಳಿದರು: "ನಿಗಾ ಇಡೂದ್ರೀ ಅಮ್ಮಾ. ಹುಡುಗನ ಮ್ಯಾಲೆ ಒಂದ್ ಕಣ್ಣು." ಅಕ್ಕ ತಲೆಯಾಡಿಸಿದಳು. ಪುಟ್ಟ ನೆಲ ನೋಡುತ್ತಿದ್ದವನು ಕಿಸಕ್ಕನೆ ನಕ್ಕುಬಿಟ್ಟ.

ಮುಂದೆ ವಿಚಾರಣೆ ನಡೆದರೆ ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು, ಕ್ರಿಮಿನಲ್ ಕೇಸಿನ ಹಾಗೇ. ಆಮೇಲೆ ಈ ಮಗುವಿಗೆ ನಿಜವಾಗಿಯೂ ನಿಗಾ ಬೇಕಾ ಅಂತ ಬೇರೆಯಾಗಿ ಇನ್ನೊಂದು ವಿಚಾರಣೆ. ಕೊನೆಗೆ ಎಚ್ಚರಿಕೆ ಕೊಟ್ಟು ಕಳಿಸಬಹುದು, ಒಂದು ವರ್ಷದವರೆಗೆ ಪ್ರೊಬೇಷನ್ (ಅಧಿಕಾರಿಯೊಬ್ಬರ ನಿಗಾ) ಹಾಕಬಹುದು, ನೆಂಟರ ಮನೆಯಲ್ಲಿ ಇರಿಸಲೂಬಹುದು. ಇಂಥ ಮಕ್ಕಳನ್ನು ಡಿಟೆನ್ಷನ್‌ಗೆ, ಅಂದರೆ ಕೂಡಿಹಾಕುವ ಕಡೆಗೆ, ಹಾಕುವ ಪದ್ಧತಿ 2020ರ ಜನವರಿಯಿಂದ ನಿಂತಿದೆ. ಏನೇ ತೀರ್ಪಾದರೂ ಅದನ್ನು ಅಪರಾಧದ ತೀರ್ಪು ಅಂತ ಕರೆಯುವ ಹಾಗಿಲ್ಲ. ನಾನು ಆ ಸಾಲನ್ನು ಅಕ್ಕನಿಗೆ ನಾಲ್ಕು ಸಲ ಹೇಳಿದ್ದೇನೆ, ಊರಿಂದ ಅಮ್ಮ ಫೋನ್ ಮಾಡಿದಾಗ ಐದನೇ ಸಲ.

ನಮ್ಮದು ಅಷ್ಟು ದೂರ ಹೋಗಲಿಲ್ಲ. ವಜಾ ಮಾಡುವ ಉದ್ದೇಶದಿಂದಲೇ ಕೇಸನ್ನು ಆರು ತಿಂಗಳು ಮುಂದೂಡಿದರು. ಪುಟ್ಟ ಸ್ಕೂಲಿಗೆ ಹೋಗಬೇಕು, ಕೌನ್ಸೆಲಿಂಗ್ ಬಿಡಬಾರದು. ಇನ್ನೊಂದು ಷರತ್ತನ್ನು ಅವನ ವಕೀಲರು ಕೇಳಿದ್ದು: ಮನೆಯ ಕಾಗದ ಓದುವ ಕೆಲಸ ಇನ್ನು ಅವನದಲ್ಲ. ಇದನ್ನು ಕೋರ್ಟು ಬರೆದುಕೊಳ್ಳಲಿಲ್ಲ, ನಾನು ಒಪ್ಪಿಕೊಂಡೆ.

ಹಾಗಾಗಿ ಈಗ ಪ್ರತಿ ಭಾನುವಾರ ಅಕ್ಕ ವಿಡಿಯೋ ಕಾಲ್ ಮಾಡಿ ವಾರದ ಕಾಗದಗಳನ್ನು ಒಂದೊಂದಾಗಿ ಕ್ಯಾಮೆರಾ ಮುಂದೆ ಹಿಡಿಯುತ್ತಾಳೆ. ಹೋದ ತಿಂಗಳು ಕೇಸ್ ವಜಾ ಆದ ಕಾಗದ ಬಂತು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಹಿಂದೆ ಪುಟ್ಟ ಫ್ರಿಜ್ ಬಾಗಿಲು ತೆಗೆದುಕೊಂಡು ನಿಂತಿದ್ದ.

"ಮಾಮ," ಅಂದ, ತಿರುಗದೆ, "ಎರಡನೇ ಪ್ಯಾರಾ ಹಾರಿಸಿಬಿಟ್ಟೆ."