ಆಟಕ್ಕುಂಟು, ಲೆಕ್ಕಕ್ಕಿಲ್ಲ: ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಕಡತ ಎಲ್ಲಿಗೆ ಬಂತು

ಮಾರ್ಚ್

ಈ ವರ್ಷ ಕೈಗೆತ್ತಿಕೊಂಡ ಕೆಲಸ ಇದು: ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಕಡತದಲ್ಲಿ ಬರೆಯುವುದು. ಆಫೀಸಿನ ಫೈಲಿನ ಮಾತಲ್ಲ. ಶಾನುಭೋಗರು, ವರ್ತಕರು, ಮಠದವರು ಲೆಕ್ಕ ಇಡುತ್ತಿದ್ದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಇದೆಯಲ್ಲ, ಶೃಂಗೇರಿ ಮಠದಲ್ಲಿ ರಾಶಿಗಟ್ಟಲೆ ಉಳಿದಿರುವಂಥದ್ದು, ಅದು.

ಫುಟ್‌ಬಾಲಿಗೂ ಕಡತಕ್ಕೂ ಎಲ್ಲಿಯ ಸಂಬಂಧ ಎಂದು ಮನೆಯಲ್ಲೇ ಕೇಳಿದರು. ಈ ತಂಡದ ಕತೆ ಶುರುವಿನಿಂದ ಕೊನೆಯವರೆಗೂ ಲೆಕ್ಕದ ಕತೆ. ಎಷ್ಟು ಗೆಲುವು, ಯಾವ ಪಂದ್ಯ ಲೆಕ್ಕಕ್ಕೆ ಬಂತು, ಯಾವುದು ಬರಲಿಲ್ಲ, ಗೇಟಿನಲ್ಲಿ ಎಷ್ಟು ದುಡ್ಡು ಬಿತ್ತು. ಬಣ್ಣದ ಚಿತ್ರಪುಸ್ತಕ ಮಾಡಿದ್ದರೆ ಹೆಲ್ಮೆಟ್ಟು, ಜರ್ಸಿಗಳೇ ತುಂಬಿಕೊಂಡು ಇದು ಕಳೆದುಹೋಗುತ್ತಿತ್ತು.

ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಇಲ್ಲಿಂದ 23ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ, ಸಯೋಟೊ ನದಿ ಒಹಾಯೊ ನದಿಯನ್ನು ಸೇರುವ ಜಾಗದಲ್ಲಿ ಪೋರ್ಟ್ಸ್‌ಮತ್ ಸಿಗುತ್ತದೆ. ಆಚೆ ದಡ ಕೆಂಟಕಿ. 1930ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 42,560. ಬೂಟಿನ ಕಾರ್ಖಾನೆಗಳು, ಉಕ್ಕಿನ ಗಿರಣಿ, ರೈಲ್ವೆ ಯಾರ್ಡು, ಇಷ್ಟೇ ಊರಿನ ಜೀವನ. ಸ್ಪಾರ್ಟನ್ಸ್‌ಗೂ ಮೊದಲು ಇಲ್ಲಿ ಆಡುತ್ತಿದ್ದ ತಂಡದ ಹೆಸರೇ ಶೂ-ಸ್ಟೀಲ್ಸ್. ಆಗಲೇ ವಯಸ್ಸು ದಾಟಿದ್ದ ಜಿಮ್ ಥೋರ್ಪ್ 1927ರಲ್ಲಿ ಅದರ ಕೋಚೂ ಆಗಿ ಆಟಗಾರನೂ ಆಗಿ ಬಂದಿದ್ದ. 1912ರ ಒಲಿಂಪಿಕ್ಸ್‌ನ ಚಿನ್ನದ ಥೋರ್ಪ್ ಅವನೇ.

ಏಪ್ರಿಲ್

ಬಟ್ಟೆ ತಯಾರಾಯಿತು. ಬೀಜವಿರುವ ಹುಣಸೆಹಣ್ಣು ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಬೀಜ ಬಿಡಿಸಿ, ಹುರಿದು, ಸಿಪ್ಪೆ ಹಾರಿಸಿ, ರಾತ್ರಿಯಿಡೀ ನೆನೆಹಾಕಿ, ರುಬ್ಬಿ ಕುದಿಸಿದರೆ ಬೂದು ಬಣ್ಣದ ಅಂಟು. ಅದಕ್ಕೆ ನುಣ್ಣಗೆ ಜರಡಿ ಹಿಡಿದ ಇದ್ದಿಲ ಪುಡಿ. ಕೋರಾ ಹತ್ತಿ ಬಟ್ಟೆಯನ್ನು ಮೇಜಿಗೆ ಬಿಗಿದು ಅಂಗೈಯಲ್ಲೇ ಬಳಿದೆ. ಬ್ರಷ್ಷಿನಲ್ಲಿ ಬಳಿದರೆ ಗೆರೆಗೆರೆ ಏಳುತ್ತದೆ, ಅಂಗೈಗಾದರೆ ಎಲ್ಲಿ ದಪ್ಪವಾಯಿತೆಂಬುದು ತಕ್ಷಣ ಗೊತ್ತಾಗುತ್ತದೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಆಮೇಲೆ ನುಣುಪಾದ ಹೊಳೆಗಲ್ಲಿನಿಂದ ಉಜ್ಜುವುದು. ಉಜ್ಜುತ್ತಾ ಹೋದಂತೆ ಮಂಕು ಕಪ್ಪಿಗೆ ಸ್ಲೇಟಿನ ಹೊಳಪು ಬರುತ್ತದೆ.

ಬಳಪದ ಚಿಂತೆಯಿತ್ತು. ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ನೀಗಿತು. ವೆಲ್ಡಿಂಗ್ ಮಾಡುವವರು ಉಕ್ಕಿನ ತಗಡಿನ ಮೇಲೆ ಗುರುತು ಹಾಕುವ ಚಪ್ಪಟೆ ಕಡ್ಡಿ ಬಳಪದ ಕಲ್ಲೇ. ತುದಿ ಚೂಪು ಮಾಡಿಕೊಂಡರೆ ಜೋಡಿ ಒತ್ತಕ್ಷರವೂ ಸ್ಪಷ್ಟವಾಗಿ ಬೀಳುತ್ತದೆ.

ಮೇ

ಮೊದಲ ಮಡಿಕೆ: 1930. ಆ ಜುಲೈಯಲ್ಲಿ ಸ್ಪಾರ್ಟನ್ಸ್ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ಗೆ ಸೇರಿತು. ಸೆಪ್ಟೆಂಬರ್ 14ರಂದು ಮೊದಲ ಪಂದ್ಯ, ನ್ಯೂವಾರ್ಕ್ ವಿರುದ್ಧ 13–6 ಗೆಲುವು. ಹತ್ತು ದಿನ ಕಳೆದು ಬ್ರೂಕ್ಲಿನ್ ತಂಡದ ಮೇಲೆ ದೀಪದ ಬೆಳಕಲ್ಲಿ ರಾತ್ರಿ ಪಂದ್ಯ. ಊರವರು ತಂಡಕ್ಕೆಂದೇ ಹೊಸದಾಗಿ ಕಟ್ಟಿಸಿದ್ದ ಯೂನಿವರ್ಸಲ್ ಸ್ಟೇಡಿಯಮ್ಮಿನಲ್ಲಿ ಸುಮಾರು 8,200 ಜನ ಕೂರಬಹುದಿತ್ತು. ಈ 8,200 ಅನ್ನು ದೊಡ್ಡದಾಗಿ ಬರೆದಿದ್ದೇನೆ, ಮುಂದಿನ ಮಡಿಕೆಗಳೆಲ್ಲ ಅದಕ್ಕೇ ಬಂದು ತಗಲುತ್ತವೆ. ಆ ವರ್ಷ 5 ಗೆಲುವು, 6 ಸೋಲು, 3 ಸಮ. ಹೇಳಿಕೊಳ್ಳುವಂಥದ್ದೇನಲ್ಲ.

1931ರಲ್ಲಿ ಹೊಸ ಕೋಚ್ ಪಾಟ್ಸಿ ಕ್ಲಾರ್ಕ್ ಬಂದ, ಜೊತೆಗೆ ಕೊಲರಾಡೊದಿಂದ ಡಚ್ ಕ್ಲಾರ್ಕ್ ಎಂಬ ಹುಡುಗ ಬಂದ. ಹೆಸರೊಂದೇ, ನೆಂಟರಲ್ಲ. ಡಚ್ ಕ್ಲಾರ್ಕ್‌ನ ಎಡಗಣ್ಣಿನ ದೃಷ್ಟಿ ಬಹಳ ಮಂದ. ಆದರೂ ಓಡುವುದು, ಎಸೆಯುವುದು, ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುತ್ತಿದ್ದಂತೆ ಒದೆಯುವ ಡ್ರಾಪ್ ಕಿಕ್, ಎಲ್ಲದರಲ್ಲೂ ಅವನೇ ಮುಂದೆ. ಇವರ ಜೊತೆ ಆಡುತ್ತಿದ್ದ ಫಾದರ್ ಲಂಪ್ಕಿನ್ ಹೆಲ್ಮೆಟ್ ಇಲ್ಲದೆ ನುಗ್ಗುತ್ತಿದ್ದ ಆಸಾಮಿ. ಅವನ ಚಿತ್ರ ಬಿಡಿಸುವುದು ಸುಲಭವಾಯಿತು, ಬರೀ ತಲೆ.

ಆ ವರ್ಷ ಸ್ಪಾರ್ಟನ್ಸ್ 11 ಗೆದ್ದು 3 ಸೋತರು. ಗ್ರೀನ್ ಬೇ ಪ್ಯಾಕರ್ಸ್ 12 ಗೆದ್ದು 2 ಸೋತರು. ಸೀಸನ್ನಿನ ಕೊನೆಗೆ ಪ್ಯಾಕರ್ಸ್ ಪೋರ್ಟ್ಸ್‌ಮತ್‌ಗೆ ಬಂದು ಆಡುವುದೆಂದು ಬಾಯಿಮಾತಿನ ಒಪ್ಪಂದವಿತ್ತು. ಸ್ಪಾರ್ಟನ್ಸ್ ಗೆದ್ದಿದ್ದರೆ ಇಬ್ಬರದೂ 12–3, ಸರಿಸಮ. ಪ್ಯಾಕರ್ಸ್ ಬರಲಿಲ್ಲ. ಆ ಪಂದ್ಯ ಅಧಿಕೃತ ಪಟ್ಟಿಯಲ್ಲಿಲ್ಲ, ಆಡಲೇಬೇಕೆಂದೇನಿಲ್ಲ ಎಂದು ಲೀಗಿನ ಅಧ್ಯಕ್ಷ ಜೋ ಕಾರ್ ತೀರ್ಪು ಕೊಟ್ಟ. ಜೋ ಕಾರ್ ನಮ್ಮ ಕೊಲಂಬಸ್‌ನವನೇ, ಲೀಗಿನ ಕಚೇರಿಯನ್ನೂ ಇಲ್ಲಿಂದಲೇ ನಡೆಸುತ್ತಿದ್ದ. ಕಾಗದದ ಪ್ರಕಾರ ಅವನು ಹೇಳಿದ್ದು ಸರಿಯೇ. ಆದರೆ ಗೆದ್ದೇ ಬಿಟ್ಟೆವೆಂಬ ಧೈರ್ಯ ಇದ್ದವರು 8,200 ಸೀಟಿನ ಊರಿಗೆ ಬರಲು ಹಿಂದೇಟು ಹಾಕುವುದಿಲ್ಲ ಅಂತ ನನ್ನ ಅಭಿಪ್ರಾಯ.

ಈ ಮಡಿಕೆಯಲ್ಲಿ ಆಡದ ಪಂದ್ಯಕ್ಕೂ ಒಂದು ಖಾನೆ ಬಿಟ್ಟಿದ್ದೇನೆ. ಅಂಕದ ಜಾಗದಲ್ಲಿ ಅಡ್ಡಗೆರೆ.

ಜೂನ್, ಜುಲೈ

1932ಕ್ಕೆ ಒಂದು ಮಡಿಕೆ ಸಾಲಲಿಲ್ಲ, ಮೂರು ಹಿಡಿಯಿತು.

ಮೊದಲನೆಯದರಲ್ಲಿ ಡಿಸೆಂಬರ್ 4. ಹಿಂದಿನ ವರ್ಷ ಬಾರದ ಪ್ಯಾಕರ್ಸ್ ಈ ಸಲ ಪೋರ್ಟ್ಸ್‌ಮತ್‌ಗೆ ಬಂದಿದ್ದಾರೆ, ಸತತ ಮೂರು ವರ್ಷದ ಚಾಂಪಿಯನ್ನರು. ಪಾಟ್ಸಿ ಕ್ಲಾರ್ಕ್ ಹನ್ನೊಂದು ಜನರನ್ನು ಇಳಿಸಿದ, ಪಂದ್ಯ ಮುಗಿಯುವವರೆಗೆ ಒಬ್ಬನನ್ನೂ ಬದಲಿಸಲಿಲ್ಲ. ಆಗ ದಾಳಿಗೂ ರಕ್ಷಣೆಗೂ ಅದೇ ಆಟಗಾರರು, ಅಂದರೆ ಆ ಹನ್ನೊಂದು ಜನ ಪೂರ್ತಿ ಅರವತ್ತು ನಿಮಿಷ ಮೈದಾನದಲ್ಲೇ ಇದ್ದರು. 19–0. ಈ ಪಂದ್ಯಕ್ಕೆ ‘ಐರನ್ ಮ್ಯಾನ್’ ಎಂಬ ಹೆಸರೇ ನಿಂತುಹೋಯಿತು. ಹನ್ನೊಂದು ಪುಟ್ಟ ಆಕೃತಿಗಳನ್ನು ಸಾಲಾಗಿ ಬಿಡಿಸಿ, ಬೆಂಚನ್ನೂ ಬಿಡಿಸಿದೆ. ಬೆಂಚಿನ ಮೇಲಿರುವವರು ಕಂಬಳಿ ಹೊದ್ದು ಕೂತಿದ್ದಾರೆ.

ಎರಡನೆಯ ಮಡಿಕೆ ಬರೀ ಕೋಷ್ಟಕ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಆಗಿನ ಲೀಗಿನಲ್ಲಿ ಸಮವಾದ ಪಂದ್ಯ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೆಲುವನ್ನು ಗೆಲುವು-ಸೋಲುಗಳ ಮೊತ್ತದಿಂದ ಭಾಗಿಸುವುದು, ಸಮವನ್ನು ಮರೆತುಬಿಡುವುದು. ಶಿಕಾಗೊ ಬೇರ್ಸ್ 6 ಗೆಲುವು, 1 ಸೋಲು, 6 ಸಮ. ಸ್ಪಾರ್ಟನ್ಸ್ 6 ಗೆಲುವು, 1 ಸೋಲು, 4 ಸಮ. ಇಬ್ಬರಿಗೂ 0.857. ಅವರಿಬ್ಬರ ನಡುವಿನ ಎರಡು ಪಂದ್ಯಗಳೂ 13–13, 7–7 ಎಂದು ಸಮವಾಗಿದ್ದವು. ಪ್ಯಾಕರ್ಸ್ 10 ಗೆಲುವು, 3 ಸೋಲು, 1 ಸಮ. ಹತ್ತು ಪಂದ್ಯ ಗೆದ್ದವರು 0.769ಕ್ಕೆ ನಿಂತರು, ಆರು ಗೆದ್ದವರು ಮೇಲೆ ಕೂತರು!

1972ರಿಂದ ಎನ್‌ಎಫ್‌ಎಲ್ ಸಮವನ್ನು ಅರ್ಧ ಗೆಲುವೆಂದು ಎಣಿಸುತ್ತದೆ. ಆ ಸೂತ್ರವನ್ನು 1932ಕ್ಕೆ ಹಾಕಿ ನೋಡಿದೆ: ಪ್ಯಾಕರ್ಸ್ 0.750, ಸ್ಪಾರ್ಟನ್ಸ್ 0.727, ಬೇರ್ಸ್ 0.692. ಪಟ್ಟಿ ಪೂರ್ತಿ ತಲೆಕೆಳಗು. ಕಡತದಲ್ಲಿ ಎರಡೂ ಲೆಕ್ಕ ಅಕ್ಕಪಕ್ಕದಲ್ಲಿವೆ. ಸ್ಪಾರ್ಟನ್ಸ್ ಮಾತ್ರ ಎರಡರಲ್ಲೂ ಬೇರ್ಸ್‌ಗಿಂತ ಕೆಳಗೆ ಬರುವುದಿಲ್ಲ, ನೋಡಿ. ಪಕ್ಷಪಾತಿ ಅಂದರೂ ಚಿಂತೆಯಿಲ್ಲ.

ಮೂರನೆಯದು ಡಿಸೆಂಬರ್ 18, ಶಿಕಾಗೊ. ಮೊದಲ ಸ್ಥಾನಕ್ಕೆ ಇಬ್ಬರಾದ್ದರಿಂದ ಒಂದು ಹೆಚ್ಚುವರಿ ಪಂದ್ಯ. ರಿಗ್ಲಿ ಫೀಲ್ಡ್‌ನಲ್ಲಿ ಹಿಮ, ಕೊರೆಯುವ ಚಳಿ. ಹಾಗಾಗಿ ಶಿಕಾಗೊ ಸ್ಟೇಡಿಯಂ ಎಂಬ ಒಳಾಂಗಣಕ್ಕೆ ಆಟ ಹೋಯಿತು. ಅಲ್ಲಿ ಸ್ವಲ್ಪ ಮುಂಚೆ ಸರ್ಕಸ್ ನಡೆದಿತ್ತು. ಕಾಂಕ್ರೀಟಿನ ಮೇಲೆ ಹರಡಿದ ಮಣ್ಣು, ಮರದ ತೊಗಟೆಯ ಪುಡಿ, ಅದರಲ್ಲಿ ಸರ್ಕಸ್ ಪ್ರಾಣಿಗಳು ಬಿಟ್ಟುಹೋದ ವಾಸನೆ. ಮೈದಾನ 80 ಗಜವಷ್ಟೇ, ಅಂಚಿಗೆ ಗೋಡೆ. ಆಟಗಾರ ಗೆರೆ ದಾಟಿದರೆ ನೇರ ಗೋಡೆಗೇ ಹೋಗಿ ಬಡಿಯುವ ಸ್ಥಿತಿ. ಅದಕ್ಕೆ ಆ ದಿನಕ್ಕೆಂದು ವಿಶೇಷ ನಿಯಮಗಳನ್ನು ಮಾಡಿಕೊಂಡರು: ಚೆಂಡು ಅಂಚಿಗೆ ಹೋದರೆ ಒಳಕ್ಕೆ ತಂದಿಟ್ಟು ಆಟ ಮುಂದುವರಿಸುವುದು, ಗೋಲ್ ಕಂಬಗಳನ್ನು ಗೋಲ್ ಗೆರೆಗೇ ತರುವುದು.

ಸ್ಪಾರ್ಟನ್ಸ್ ಪಾಳಯದಲ್ಲಿ ಡಚ್ ಕ್ಲಾರ್ಕ್ ಇರಲಿಲ್ಲ. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದವನು ಪಟ್ಟದ ಪಂದ್ಯಕ್ಕೆ ಗೈರು, ಯಾಕೆಂದರೆ ಕೊಲರಾಡೊ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವ ನೌಕರಿಗೆ ಅವನು ವಾಪಸಾಗಬೇಕಿತ್ತು. ಆಗಿನ ವೃತ್ತಿಪರ ಫುಟ್‌ಬಾಲ್ ಎಷ್ಟರ ವೃತ್ತಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅವನ ಜಾಗದಲ್ಲಿ ಗ್ಲೆನ್ ಪ್ರೆಸ್ನೆಲ್ ಆಡಿದ.

ಮೂರು ಕ್ವಾರ್ಟರ್ ಮುಗಿದರೂ 0–0. ನಾಲ್ಕನೆಯದರಲ್ಲಿ ಬೇರ್ಸ್ ಒಂದು ಪಾಸನ್ನು ನಡುವೆ ಕಸಿದು ಗೋಲಿನ ಹತ್ತಿರ ಬಂದರು. ಬ್ರಾಂಕೊ ನಗುರ್ಸ್ಕಿ ಎಂಬ ಭೀಮಕಾಯ ಚೆಂಡು ಹಿಡಿದು ನುಗ್ಗುವಂತೆ ಎರಡು ಹೆಜ್ಜೆ ಹಾಕಿದ, ಥಟ್ಟನೆ ನಿಂತು ಹಿಂದೆ ಸರಿದ, ಜಿಗಿದು ರೆಡ್ ಗ್ರೇಂಜ್‌ಗೆ ಎಸೆದ. ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಗೋಲ್ ಗೆರೆಯಾಚೆ ತಲುಪಿತು. ಪಾಟ್ಸಿ ಕ್ಲಾರ್ಕ್ ರೊಚ್ಚಿಗೆದ್ದ. ಆಗಿನ ನಿಯಮದಂತೆ ಪಾಸ್ ಎಸೆಯುವವನು ಆಟ ಶುರುವಾಗುವ ಗೆರೆಯಿಂದ ಕನಿಷ್ಠ 5 ಗಜ ಹಿಂದೆ ಇರಬೇಕಿತ್ತು, ನಗುರ್ಸ್ಕಿ ಅಷ್ಟು ಹಿಂದೆ ಇರಲೇ ಇಲ್ಲ ಎಂದು ವಾದ. ರೆಫರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೊಂದು ಸೇಫ್ಟಿ (ಎದುರಾಳಿ ತನ್ನದೇ ಗೋಲ್ ಗೆರೆಯ ಹಿಂದೆ ಚೆಂಡು ಕೆಡಿಸಿಕೊಂಡರೆ ಸಿಗುವ 2 ಅಂಕ) ಸೇರಿ 9–0.

ಈ ಹೆಚ್ಚುವರಿ ಪಂದ್ಯವನ್ನು ಮಾತ್ರ ಲೀಗ್ ಲೆಕ್ಕಕ್ಕೆ ಸೇರಿಸಿಕೊಂಡಿತು! ಸ್ಪಾರ್ಟನ್ಸ್ 6 ಗೆಲುವು, 2 ಸೋಲು, ಅಂದರೆ 0.750. ಪ್ಯಾಕರ್ಸ್ ಮನೆಯಲ್ಲಿ ಕೂತೇ 0.769ರಲ್ಲಿ ಎರಡನೆಯ ಸ್ಥಾನಕ್ಕೆ ಏರಿದರು. ಫೈನಲ್‌ನಂಥ ಪಂದ್ಯ ಆಡಿದ ಸ್ಪಾರ್ಟನ್ಸ್ ಮೂರನೆಯವರಾದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕೈಯಲ್ಲೂ ಉಳಿಯಲಿಲ್ಲ. ಈ ಸಾಲು ಬರೆಯುವಾಗ ಕಡತದ ಅನುಕೂಲ ಸಿಕ್ಕಿತು: ಒದ್ದೆ ಬಟ್ಟೆಯಲ್ಲಿ 1 ಒರೆಸಿ ಅದರ ಮೇಲೇ 3 ಬರೆದೆ. ಹಳೆಯ 1 ಬೆಳಕಿಗೆ ವಾಲಿಸಿದರೆ ಮಸುಕಾಗಿ ಕಾಣುತ್ತದೆ, ಹಾಗೇ ಬಿಟ್ಟಿದ್ದೇನೆ.

ಆ ಸಂಜೆಯ ತಾತ್ಕಾಲಿಕ ನಿಯಮಗಳು ಮುಂದಿನ ವರ್ಷವೇ ಕಾಯಂ ಆದವು. ಆವರೆಗೆ ಕಾಲೇಜು ನಿಯಮಪುಸ್ತಕವನ್ನೇ ಬಳಸುತ್ತಿದ್ದ ಎನ್‌ಎಫ್‌ಎಲ್ 1933ರಲ್ಲಿ ತನ್ನದೇ ದಾರಿ ಹಿಡಿಯಿತು. ಗೆರೆಯ ಹಿಂದೆ ಎಲ್ಲಿಂದ ಬೇಕಾದರೂ ಪಾಸ್ ಎಸೆಯಬಹುದು ಎಂದಾಯಿತು. ಅಂಚಿನ ಚೆಂಡನ್ನು ಒಳಗೆ ತರಲು ಹ್ಯಾಶ್ ಗುರುತುಗಳು ಬಂದವು. ಗೋಲ್ ಕಂಬ ಗೋಲ್ ಗೆರೆಗೆ ಬಂದು 1974ರವರೆಗೂ ಅಲ್ಲೇ ನಿಂತಿತ್ತು. ಲೀಗನ್ನು ಎರಡು ವಿಭಾಗ ಮಾಡಿ, ವಿಜೇತರ ನಡುವೆ ಪ್ರತಿ ವರ್ಷ ಚಾಂಪಿಯನ್‌ಶಿಪ್ ಪಂದ್ಯ ಇಟ್ಟರು. ಟಿಕೆಟ್ ಮಾರಾಟಕ್ಕೆ ಅಂಥ ಪಂದ್ಯ ಎಷ್ಟು ಒಳ್ಳೆಯದೆಂದು ಒಳಾಂಗಣಕ್ಕೆ ಬಂದ ಹನ್ನೊಂದು ಸಾವಿರ ಜನ ತೋರಿಸಿಕೊಟ್ಟಿದ್ದರಲ್ಲ.

ಆಗಸ್ಟ್

1933: 6 ಗೆಲುವು, 5 ಸೋಲು, ಡಚ್ ಕ್ಲಾರ್ಕ್ ಇಡೀ ವರ್ಷ ಇಲ್ಲ. ಬೇಗ ಮುಗಿಸಿದೆ.

1934ರ ಮಡಿಕೆ ಒಂದೇ ಸಾಲಿನ ಜಮಾಖರ್ಚು. ಮಹಾ ಆರ್ಥಿಕ ಕುಸಿತದ ಕಾಲ, ಕೂಲಿಯಿಲ್ಲದವನು ಟಿಕೆಟ್ ಕೊಳ್ಳುವುದೆಲ್ಲಿಂದ? ಪ್ರವಾಸಿ ತಂಡಕ್ಕೆ ಗೇಟಿನ ಹಣದಲ್ಲಿ ಪಾಲು ಕೊಡಬೇಕು. ಶಿಕಾಗೊ, ನ್ಯೂಯಾರ್ಕ್ ತಂಡಗಳಿಗೆ 8,200 ಸೀಟಿನಲ್ಲಿ ಪಾಲೆಂದರೆ ರೈಲಿನ ಖರ್ಚಿಗೂ ಸಾಲದು. ಡೆಟ್ರಾಯಿಟ್‌ನ ರೇಡಿಯೊ ಕೇಂದ್ರದ ಒಡೆಯ ಜಾರ್ಜ್ ರಿಚರ್ಡ್ಸ್ ತಂಡವನ್ನು ಕೊಂಡ ಬೆಲೆ 7,952 ಡಾಲರ್ 8 ಸೆಂಟ್. ಆ ಎಂಟು ಸೆಂಟನ್ನು ಬಿಡದೆ ಬರೆದಿದ್ದೇನೆ, ಯಾವ ಶಾನುಭೋಗನೂ ಬಿಡುತ್ತಿರಲಿಲ್ಲ. ತಂಡ ಡೆಟ್ರಾಯಿಟ್ ಲಯನ್ಸ್ ಆಯಿತು. ಡಚ್ ಕ್ಲಾರ್ಕ್ ಮರಳಿ ಬಂದ. 1935ರಲ್ಲಿ ಪಾಟ್ಸಿ ಕ್ಲಾರ್ಕ್‌ನ ಲಯನ್ಸ್ ನ್ಯೂಯಾರ್ಕ್ ಜೈಂಟ್ಸ್ ಅನ್ನು 26–7ರಿಂದ ಮಣಿಸಿ ಪಟ್ಟ ಗೆದ್ದಿತು.

ಇಲ್ಲಿ ಒಂದು ತಕರಾರು ಇದೆ. ಊರು ಸಣ್ಣದು, ಅದಕ್ಕೇ ತಂಡ ಹೋಯಿತು ಎಂದು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಆಗ ಗ್ರೀನ್ ಬೇ ಪೋರ್ಟ್ಸ್‌ಮತ್‌ಗಿಂತಲೂ ಸಣ್ಣದಿತ್ತು. ಅದು 1923ರಲ್ಲೇ ಐದೈದು ಡಾಲರಿನ ಷೇರು ಮಾರಿ ತಂಡವನ್ನು ಊರವರದೇ ಆಸ್ತಿ ಮಾಡಿಕೊಂಡಿತ್ತು, ಲಾಭ ಹಂಚುವಂತಿಲ್ಲ ಎಂಬ ಕಟ್ಟುಪಾಡಿನೊಂದಿಗೆ. ಮಿಲ್ವಾಕಿಯಲ್ಲಿ ಕೆಲವು ಪಂದ್ಯ ಆಡಿ ಅಲ್ಲಿನ ಗೇಟಿನ ದುಡ್ಡನ್ನೂ ತಂದುಕೊಂಡಿತು. ಮೊದಲೇ ಬೇರುಬಿಟ್ಟ ಆ ಹತ್ತು ವರ್ಷ ಪೋರ್ಟ್ಸ್‌ಮತ್‌ಗೆ ಸಿಗಲಿಲ್ಲ. ಲೀಗ್ ಸೇರಿದ್ದೇ ಕುಸಿತ ಶುರುವಾದ ಮರುವರ್ಷ. ಜನಸಂಖ್ಯೆಗಿಂತ ಈ ಇಸವಿಯೇ ಮುಖ್ಯ ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿದ್ದೇನೆ.

ಸೆಪ್ಟೆಂಬರ್

ಒಂದು ಶನಿವಾರ ಪೋರ್ಟ್ಸ್‌ಮತ್‌ಗೆ ಹೋಗಿಬಂದೆ. 1937ರ ಜನವರಿಯಲ್ಲಿ ನದಿ 74 ಅಡಿಗೆ ಏರಿ ಊರನ್ನು ಮುಳುಗಿಸಿದ ಮೇಲೆ ಕಟ್ಟಿದ ನೆರೆಗೋಡೆಯಿದೆ. ಅದರ ಮೇಲೆ ರಾಬರ್ಟ್ ಡ್ಯಾಫರ್ಡ್ ಎಂಬ ಕಲಾವಿದ ಊರಿನ ಚರಿತ್ರೆಯನ್ನೆಲ್ಲ ಚಿತ್ರಿಸಿದ್ದಾನೆ, ಸ್ಪಾರ್ಟನ್ಸ್ ಕೂಡ ಅಲ್ಲಿದ್ದಾರೆ. ಹಳೆಯ ಸ್ಟೇಡಿಯಂ ಈಗ ಸ್ಪಾರ್ಟನ್ ಮುನಿಸಿಪಲ್ ಸ್ಟೇಡಿಯಂ, ನಿಂತಿದೆ. ಸ್ಪಾರ್ಟನ್ಸ್ ಬಣ್ಣ ನೇರಳೆ ಮತ್ತು ಹೊನ್ನು. ನನ್ನ ಕಪ್ಪು-ಬಿಳುಪಿನ ಕಡತಕ್ಕೆ ಹೊನ್ನಿನ ಬಣ್ಣವಾದರೂ ಇರಲಿ ಎಂದು ಅರಿಸಿನ ಹಚ್ಚಿ ನೋಡಿದೆ. ಇದ್ದಿಲ ಮೇಲೆ ಹಸಿರು ಮಿಶ್ರಿತ ಕಂದು ಕಾಣುತ್ತದೆ. ಬೇಡ.

ಇನ್ನು ಹಿಂಬದಿ ಉಳಿದಿದೆ. ಅದು ನದಿಯ ಮೇಲ್ಗಡೆಯ ನೆರೆಯೂರು ಐರನ್‌ಟನ್‌ನ ಟ್ಯಾಂಕ್ಸ್ ತಂಡಕ್ಕೆ ಮೀಸಲು. ಪ್ರೆಸ್ನೆಲ್ ಮೊದಲು ಆಡಿದ್ದು ಅಲ್ಲೇ. 1930ರಲ್ಲಿ ಟ್ಯಾಂಕ್ಸ್ ನ್ಯೂಯಾರ್ಕ್ ಜೈಂಟ್ಸ್ ಅನ್ನು 13–12, ಶಿಕಾಗೊ ಬೇರ್ಸ್ ಅನ್ನು 26–13ರಿಂದ ಸೋಲಿಸಿತ್ತು. ಎನ್‌ಎಫ್‌ಎಲ್‌ನಲ್ಲಿ ಇಲ್ಲದ ತಂಡವಾದ್ದರಿಂದ ಆ ಗೆಲುವುಗಳು ಲೀಗಿನ ಯಾವ ಪಟ್ಟಿಯಲ್ಲೂ ಇಲ್ಲ. ಅದೇ ಸೀಸನ್ ಮುಗಿಯುತ್ತಿದ್ದಂತೆ ತಂಡ ಮುಚ್ಚಿಹೋಯಿತು. ಚಳಿ ಬಿದ್ದರೆ ಅಂಟು ಒಣಗುವುದು ನಿಧಾನ, ಆದ್ದರಿಂದ ಎರಡನೆಯ ಲೇಪವನ್ನು ಅಕ್ಟೋಬರ್ ಒಳಗೆ ಮುಗಿಸಬೇಕು. ಹುಣಸೆಬೀಜ ನೆನೆಹಾಕಿದ್ದಾಗಿದೆ.