ಒಂದು ಮನೆಯನ್ನು ಎ ಶಿಫ್ಟಿಗೆ ಹಾಕಿದ್ದು

ಬಳ್ಳಾರಿ ಜಿಲ್ಲೆಯ ಒಂದು ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ನನ್ನ ಕೆಲಸ. ಹೊರದೇಶದಿಂದ ಎಂಜಿನಿಯರುಗಳು ಬಂದರೆ ಮನೆ, ಗ್ಯಾಸು, ಕಾರು, ಮಕ್ಕಳ ಶಾಲೆ ಎಲ್ಲ ನಾನೇ ನೋಡಿಕೊಳ್ಳಬೇಕು. ಬಂದ 24 ಗಂಟೆಯೊಳಗೆ, ವಿದೇಶಿಯರು ಇಲ್ಲಿ ಉಳಿದುಕೊಂಡಿದ್ದಾರೆ ಅಂತ ಸರ್ಕಾರಕ್ಕೆ ಫಾರ್ಮ್ ಹಾಕಬೇಕು. ಕಾಗದಪತ್ರದಲ್ಲಿ ನಾನು ಎಂದೂ ಎಡವಿದವನಲ್ಲ. ಎಡವಿದ್ದು ಬೇರೆ ಕಡೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಎರಡನೇ ವಾರ, ಆಸ್ಟ್ರಿಯಾದಿಂದ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಒಂಬತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ. ನನ್ನ ಪಟ್ಟಿ ಎರಡು ಪುಟ ಇತ್ತು. ಎಸಿ, ವಾಟರ್ ಫಿಲ್ಟರ್, ಸೊಳ್ಳೆ ಪರದೆ, ಕಾರ್ನ್‌ಫ್ಲೇಕ್ಸ್. ಎಲ್ಲಕ್ಕೂ ಟಿಕ್ ಹಾಕಿದ್ದೆ. ಮೊದಲ ಭಾನುವಾರ ಹಂಪಿ ತೋರಿಸೋಣ ಅಂತ ಕಾರನ್ನೂ ಹೇಳಿದೆ, ಬೆಳಿಗ್ಗೆ ಹತ್ತಕ್ಕೆ. ಆಫೀಸಿನವರದು ಜನರಲ್ ಶಿಫ್ಟ್, ನನ್ನ ಲೆಕ್ಕದಲ್ಲಿ ದಿನ ಶುರುವಾಗುವುದೇ ಒಂಬತ್ತಕ್ಕೆ.

ಡ್ರೈವರ್ ಹಿಂದಿನ ದಿನವೇ ಹೇಳಿದ್ದ. "ಸರ, ಹತ್ತಕ್ಕ ಬ್ಯಾಡ್ರಿ. ಐದೂವರಿಗೆ ಹೊಂಟ್ರ ಚೊಲೋ." ರಜೆ ದಿನ ಅವರು ಅಷ್ಟು ಬೇಗ ಏಳಲ್ಲ ಬಿಡಪ್ಪ ಅಂದೆ. ಅವರನ್ನು ಕೇಳಿರಲಿಲ್ಲ.

ವಿರೂಪಾಕ್ಷ ಗುಡಿ ಮುಂದೆ ಚಪ್ಪಲಿ ಬಿಟ್ಟಾಗ ಹನ್ನೊಂದೂವರೆ ದಾಟಿತ್ತು. ಅಂಗಳದ ಕಲ್ಲುಹಾಸು ಕಾದ ಹಂಚು. ನಮ್ಮ ಹುಡುಗರಾದರೆ ನೆರಳಿಂದ ನೆರಳಿಗೆ ಓಡುತ್ತಾರೆ, ಅವರಿಗೆ ಅದೊಂದು ಆಟ. ಆ ಪುಟ್ಟ ಹುಡುಗಿಗೆ ಗೊತ್ತಿಲ್ಲ. ಹತ್ತು ಹೆಜ್ಜೆ ನಡೆದು ನಟ್ಟನಡುವೆ ನಿಂತುಬಿಟ್ಟಳು. ಅಳಲಿಲ್ಲ. ಒಂದು ಕಾಲು ಎತ್ತುತ್ತಾಳೆ, ಇಳಿಸುತ್ತಾಳೆ, ಇನ್ನೊಂದು ಎತ್ತುತ್ತಾಳೆ. ಅಪ್ಪ ಓಡಿಹೋಗಿ ಎತ್ತಿಕೊಂಡಾಗ ಅಂಗಾಲು ಕೆಂಪಗಾಗಿತ್ತು. ಸಂಜೆ ಅಣ್ಣನಿಗೆ ವಾಂತಿ ಶುರುವಾಯಿತು. ಬಿಸಿಲು ಬಡಿದಿದೆ ಅಂದರು ಡಾಕ್ಟರು. ಓಆರ್‌ಎಸ್ ಕುಡಿಸುತ್ತಾ ತಾಯಿ ನನ್ನನ್ನು ಒಮ್ಮೆ ನೋಡಿದರು, ಅಷ್ಟೇ.

ಆಮೇಲೆ ಹತ್ತು ದಿನ ಆ ಮನೆಯ ಬಾಗಿಲು ತೆರೆಯಲೇ ಇಲ್ಲ. ತೆರೆದರೆ ನಾನು ಕಳಿಸಿದವರಿಗಾಗಿ. ಪ್ಲಂಬರ್ ಹನ್ನೆರಡಕ್ಕೆ, ಸಿಲಿಂಡರ್ ಒಂದಕ್ಕೆ, ಶಾಲೆ ನೋಡಲು ಹೋಗುವುದು ಎರಡೂವರೆಗೆ. ಕೊನೆಗೆ ಮೇಡಂ ನೇರವಾಗಿ ಹೇಳಿದರು: ನೀವು ಸಾಮಾನೆಲ್ಲ ಕೊಟ್ಟಿದ್ದೀರಿ, ಆದರೆ ಈ ಊರಿನ ಜನ ಹೊರಗೆ ಹೋಗೋದು ಯಾವಾಗ ಅಂತ ಯಾರೂ ಹೇಳಲಿಲ್ಲ.

ನನ್ನ ಎರಡು ಪುಟದಲ್ಲಿ ಅದೊಂದೇ ಇರಲಿಲ್ಲ.

ಉತ್ತರ ಇದ್ದದ್ದು ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕನ ಹತ್ತಿರ. ಆಕೆ ಎಂಟು ಗಂಟೆಗೇ ಕಿಟಕಿ ಮುಚ್ಚಿ ಪರದೆ ಎಳೆಯುತ್ತಿದ್ದಳು, ಕತ್ತಲಾದ ಮೇಲೆ ತೆರೆಯುತ್ತಿದ್ದಳು. ಮೇಡಂ ತಮ್ಮ ದೇಶದ ಅಭ್ಯಾಸದಂತೆ ಮಧ್ಯಾಹ್ನ ಗಾಳಿ ಬರಲಿ ಅಂತ ಮತ್ತೆ ತೆರೆದರೆ ಬರುತ್ತಿದ್ದದ್ದು ಬಿಸಿಗಾಳಿ, ಜೊತೆಗೆ ಅದಿರಿನ ಕೆಂಪು ಧೂಳು.

ಆಗ ನಾನು ಮಾಡಿದ್ದು ಇಷ್ಟೇ. ಆ ಮನೆಯನ್ನು ಎ ಶಿಫ್ಟಿಗೆ ಹಾಕಿದೆ. ಕಾರ್ಖಾನೆಯಲ್ಲಿ ಬೆಳಿಗ್ಗೆ ಆರರಿಂದ ಎರಡರ ಶಿಫ್ಟು ಅದು. ಪ್ಲಂಬರ್ ಏಳಕ್ಕೆ, ತರಕಾರಿ ಏಳೂವರೆಗೆ, ಹತ್ತರ ಮೇಲೆ ಯಾರೂ ಬಾಗಿಲು ಬಡಿಯುವಂತಿಲ್ಲ. ಸಾಹೇಬರನ್ನೂ ಆರಕ್ಕೇ ಕೆಲಸಕ್ಕೆ ಕರೆಸಿಕೊಳ್ಳಿ ಅಂದಾಗ ನಮ್ಮ ಮ್ಯಾನೇಜರ್ ಎರಡು ದಿನ ಗೊಣಗಿ ಒಪ್ಪಿದರು. ಬೆಳಿಗ್ಗೆ ಅಕ್ಕನ ಜೊತೆ ನಡೆದುಹೋಗಿ ಮೇಡಂ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ತಿನ್ನಲು ಕಲಿತರು. ಮೊದಲ ದಿನ ಮಿರ್ಚಿಯ ಹಿಟ್ಟು ಮಾತ್ರ ತಿಂದು ಮೆಣಸಿನಕಾಯಿ ಪಕ್ಕಕ್ಕಿಟ್ಟರಂತೆ.

ಮೇ ಮೊದಲ ದಿನಗಳಲ್ಲಿ ಹುಡುಗ ಕಿಟಕಿಯ ಸಂದಿಯಿಂದ ಒಂದು ವಿಚಿತ್ರ ಕಂಡ. ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಬಟ್ಟೆ ಒಣಹಾಕುವ ಕಂಬದ ನೆರಳೇ ಮಾಯ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರಕ್ಕೆ. ಮೇ ಶುರುವಿನಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೇ ನಿಲ್ಲುತ್ತಾನೆ. ಅವರ ದೇಶದಲ್ಲಿ ಅವನು ಎಂದೂ ಅಷ್ಟು ಮೇಲೆ ಬರುವುದಿಲ್ಲ. ಇದನ್ನೆಲ್ಲ ಹುಡುಗನ ಅಪ್ಪ ನನಗೆ ಬಿಡಿಸಿ ಹೇಳಿದರು. ಇಲ್ಲೇ ಹುಟ್ಟಿ ಬೆಳೆದವನು ನಾನು, ಅಲ್ವಾ? ಒಂದು ಸಲವೂ ಗಮನಿಸಿರಲಿಲ್ಲ.

ಮೊದಲ ಮಳೆ ಬಿದ್ದ ರಾತ್ರಿ ಮೇಡಂ ಫೋನ್ ಮಾಡಿದರು. ಮನೆ ತುಂಬಾ ರೆಕ್ಕೆಯ ಗೆದ್ದಲು. ಲೈಟ್ ಆರಿಸಿ ಸುಮ್ನೆ ಕೂತಿರಿ, ಬೆಳಿಗ್ಗೆ ರೆಕ್ಕೆ ಗುಡಿಸಿದರಾಯಿತು ಅಂದೆ. ಅಕ್ಕ ಆಗಲೇ ಹೇಳಿಯಾಗಿತ್ತಂತೆ.

ಈಗ ನನ್ನ ಪಟ್ಟಿ ಒಂದೇ ಪುಟ. ಮೇಲ್ಗಡೆ ಏನೇನು ಎಷ್ಟು ಹೊತ್ತಿಗೆ ಅಂತ ಇದೆ, ಎಸಿ ಕೆಳಗೆ ಹೋಗಿದೆ. ಕಳೆದ ಬೇಸಿಗೆಯಲ್ಲಿ ಕೊರಿಯಾದ ಕುಟುಂಬವೊಂದಕ್ಕೆ ಹಂಪಿ ಅಂತ ಐದೂವರೆಗೆ ಕಾರು ಹೇಳಿದ್ದೆ. ಗೇಟಿನ ಹತ್ತಿರ ಅವರೆಲ್ಲ ಟೋಪಿ ಹಾಕಿಕೊಂಡು ನಿಂತಿದ್ದರು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿಕೊಂಡಿದ್ದ. ತಡವಾಗಿ ಹೋದವನು ನಾನೊಬ್ಬನೇ.