ನಮ್ಮ ಮಳೆಗೆ ತಕ್ಕ ಕೊಯಿ ಕೊಳ

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಆರು ಕೊಯಿ (ಬಣ್ಣದ ಕಾರ್ಪ್) ಮೀನುಗಳಲ್ಲಿ ನಾಲ್ಕು ಎರಡೇ ದಿನದಲ್ಲಿ ಸತ್ತವು. ಮಳೆಗಾಲಕ್ಕೆ ಮುಂಚೆ ಕಾಫಿಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಿದ್ದೆವು. ಹಳೆಯ ಕೊಳ ತೋಟದ ಅಂಚಿನಲ್ಲಿ, ತಗ್ಗಿನಲ್ಲಿತ್ತು. ಸಂಜೆ ಬಂದ ಮಳೆ ಎಲೆ ಮೇಲಿನ ಔಷಧಿಯನ್ನೆಲ್ಲ ತೊಳೆದು ಕೊಳಕ್ಕೇ ತಂದಿತು. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮಲ್ಲಿಯ ಹಾಗೆ ನೀರು ಮೆದುವಾಗಿದ್ದರೆ, ಅಂದರೆ ಖನಿಜ ಕಮ್ಮಿ ಇದ್ದರೆ, ಅದರ ಕಾಟ ಇನ್ನೂ ಜಾಸ್ತಿ. ಕೊಳೆರೋಗಕ್ಕೆ ಹೆದರಿ ಔಷಧಿ ಹೊಡೆಯದೆ ಇರುವ ಹಾಗೂ ಇಲ್ಲ. ಹಾಗಾಗಿ ಜಾಗ ಬದಲಾಗಬೇಕಿದ್ದದ್ದು ಕೊಳವೇ.

ಮಾದಾಪುರ ದಾಟಿ ಸೋಮವಾರಪೇಟೆ ಕಡೆ ಬರುವ ದಾರಿಯಲ್ಲಿ ನಮ್ಮ ಮನೆ. ಈ ಫೆಬ್ರವರಿಯಲ್ಲಿ, ಕೊಯ್ಲಿನ ಕೆಲಸ ಮುಗಿದ ಮೇಲೆ, ಹೊಸ ಕೊಳ ತೋಡಿಸಿದೆ. ಕೊಯಿ ಸಾಕುವ ಸಲಹೆಗಳನ್ನು ಓದಿದರೆ ಎಲ್ಲರಿಗೂ ನೀರು ಆರುವ ಚಿಂತೆ, ಬಿಸಿಲಿನ ಚಿಂತೆ. ಕೊಡಗಿನಲ್ಲಿ ಬೇರೆಯೇ ಲೆಕ್ಕ. ಇಲ್ಲಿ ಮಳೆಯನ್ನು ಮುಂದಿಟ್ಟುಕೊಂಡೇ ಕೊಳ ಕಟ್ಟಬೇಕು.

ಮೊದಲು ಜಾಗ. ಮನೆ ಹಿಂದೆ ಗುಡ್ಡ ಕಡಿದು ಮಾಡಿದ ಅಂಗಳವಿದೆ. ಅದರ ಅಂಚಿನಲ್ಲಿ ಕೊಳ ಮಾಡಿದರೆ ನೋಡಲು ಬಲು ಚಂದ. ಆದರೆ ನನ್ನ ಕೊಳದ ನೀರಿನ ತೂಕವೇ 12 ಟನ್. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಮುತ್ತ ಗುಡ್ಡ ಜಾರಿದ್ದನ್ನು ಕಂಡವರು ಅಂಥ ಅಂಚಿಗೆ ಕೈ ಹಾಕುವುದಿಲ್ಲ. ಬಣ್ಣದ ಕೊಯಿ ಹುಟ್ಟಿದ್ದೂ ಇಂಥದೇ ಸೀಮೆಯಲ್ಲಿ. ಜಪಾನಿನ ನೀಗಾಟದ ಗುಡ್ಡಗಳಲ್ಲಿ ಭತ್ತ ಬೆಳೆಯುವವರು ಊಟಕ್ಕೆಂದು ಸಾಕಿದ ಕಾರ್ಪ್ ಮೀನಿನಲ್ಲಿ ಬಣ್ಣದವನ್ನು ಆರಿಸಿ ಬೆಳೆಸಿದರು. 2004ರ ಭೂಕಂಪದಲ್ಲಿ ಅಲ್ಲಿಯ ಯಮಕೋಶಿಯಲ್ಲೂ ಗುಡ್ಡ ಕುಸಿಯಿತು, ಮನೆಗಳ ಜೊತೆ ಎಷ್ಟೋ ಕೊಳಗಳು ಹೋದವು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಹಲಸಿನ ಮರದ ಆಚೆ, ತೋಟಕ್ಕಿಂತ ಎತ್ತರದಲ್ಲಿರುವ ಮಟ್ಟಸ ನೆಲ ಆರಿಸಿದೆ.

ಅಳತೆ 12 ಅಡಿ ಉದ್ದ, 8 ಅಡಿ ಅಗಲ. ನೀರಿನ ಆಳ ನಾಲ್ಕೂವರೆ ಅಡಿ. ಗುಣಿಸಿದರೆ 432 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಹಿಡಿದರೆ 12,200 ಲೀಟರ್ ಚಿಲ್ಲರೆ. ಒಂದು ಮೀನಿಗೆ ಸಾವಿರ ಲೀಟರಾದರೂ ಇರಲಿ ಎಂದು ಎಂಟೇ ಮೀನು. "ಇಷ್ಟು ಆಳ ಯಾಕಮ್ಮ, ಮಕ್ಕಳು ಓಡಾಡುವ ಜಾಗ ಅಲ್ವಾ?" ಅಂದರು ಅತ್ತೆ. ಅವರ ಮಾತು ನಿಜ. ಅದಕ್ಕೇ ನೆಲದೊಳಗೆ ಮೂರೂವರೆ ಅಡಿ ಮಾತ್ರ ತೋಡಿಸಿ, ಮೇಲೆ ಒಂದೂವರೆ ಅಡಿ ಕಟ್ಟೆ ಎಬ್ಬಿಸಿ, ಸುತ್ತ ಬೇಲಿ ಹಾಕಿಸಿದೆ. ಕಟ್ಟೆಯಿಂದ ಇನ್ನೊಂದು ಲಾಭವೂ ಆಯಿತು. ಅಂಗಳದ ಕೆಂಪು ನೀರು ಒಳಗೆ ಹರಿಯುವುದಿಲ್ಲ. ಬದಿಗಳು ನೇರ ಇರುವುದರಿಂದ ಕೊಕ್ಕರೆಗೆ ನೀರಲ್ಲಿ ಕಾಲೂರಲು ಜಾಗವಿಲ್ಲ. ಒಳಗೆ ಹಾಸಲು ಒಂದು ಮಿಲಿಮೀಟರ್ ದಪ್ಪದ ರಬ್ಬರ್ ಶೀಟು, 24 ಅಡಿಗೆ 20 ಅಡಿ. ಕಟ್ಟೆಯೂ ಸೇರಿ ಆಳ ಐದು ಅಡಿ; ಉದ್ದಕ್ಕೆ ಅದರ ಎರಡು ಪಟ್ಟು ಕೂಡಿಸಿ, ಅಂಚಿಗೆ ಎರಡು ಅಡಿ ಬಿಟ್ಟ ಲೆಕ್ಕ ಅದು. ಅಗಲಕ್ಕೂ ಹಾಗೇ.

ತಳದ ನಡುವಿನಿಂದ ನಾಲ್ಕು ಇಂಚಿನ ಪೈಪು ಫಿಲ್ಟರಿಗೆ ಹೋಗುತ್ತದೆ. ಫಿಲ್ಟರ್ ಅಂದರೆ ಮೂರು ನೀಲಿ ಡ್ರಮ್ಮು. ಒಂದರಲ್ಲಿ ಕಸ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಬ್ರಷ್. ಮೂರನೆಯದರಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳು. ಅವುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಇದು ಕುದುರಲು ಐದಾರು ವಾರ ಬೇಕು. ಅಲ್ಲಿಯವರೆಗೆ ಉಳಿದ ಎರಡೇ ಮೀನು ಬಿಟ್ಟು, ಮೇವು ಕಮ್ಮಿ ಹಾಕಿ ಕಾದೆ. ಹೊಸ ಆರನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲ ಎಂದಾದ ಮೇಲೆ ಸೇರಿಸಿದೆ. ಪಂಪು ಗಂಟೆಗೆ 8,000 ಲೀಟರಿನದು, ಒಂದೂವರೆ ಗಂಟೆಗೆ ಇಡೀ ಕೊಳ ಒಂದು ಸುತ್ತು.

ಈಗ ಮಳೆ. ಒಂದೇ ದಿನ 100 ಮಿಲಿಮೀಟರ್ ಸುರಿದರೆ ನನ್ನ ಕೊಳದ ಬಾಯಿಗೆ ನೇರವಾಗಿ ಬೀಳುವುದೇ ಸುಮಾರು 900 ಲೀಟರ್. ಮಾಡಿನ ನೀರನ್ನಂತೂ ಕೊಳಕ್ಕೆ ಬಿಡಲೇಬಾರದು. ಹೆಚ್ಚಾದ ನೀರು ಹೋಗಲು ನಾಲ್ಕು ಇಂಚಿನ ಪೈಪಿಟ್ಟು ಬಾಯಿಗೆ ಜಾಲರಿ ಕಟ್ಟಿ, ಇಂಗುಗುಂಡಿಗೆ ಬಿಟ್ಟಿದ್ದೇನೆ. ತೋಡಿಗೆ ಬಿಟ್ಟಿಲ್ಲ. ನಮ್ಮ ತೋಡು ಹಾರಂಗಿ ಸೇರುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. ಕೊಯಿ ತಳ ಕೆದಕಿ ನೀರು ಕದಡುವ ಮೀನು. ಕಾವೇರಿಯ ಮಹಶೀರ್ ಮೀನು ಈಗಲೇ ಅಳಿವಿನ ಅಂಚಿನಲ್ಲಿದೆ. ಅದರ ಮನೆಗೆ ನನ್ನ ಮೀನು ಹೋಗಬಾರದು.

ಮಳೆನೀರಿನಲ್ಲಿ ಖನಿಜವೇ ಇರುವುದಿಲ್ಲ. ದಿನಗಟ್ಟಲೆ ಸುರಿದರೆ ನೀರಿನ ಕ್ಷಾರ ತೆಳುವಾಗಿ, ಪಿಎಚ್ ಒಮ್ಮೆಲೇ ಕುಸಿದು ನೀರು ಹುಳಿಯಾಗಬಹುದು. ಅದಕ್ಕೆ ಚಿಪ್ಪಿನ ಚೂರುಗಳ ಚೀಲವೊಂದು ಫಿಲ್ಟರಿನಲ್ಲಿದೆ. ಆ ಕ್ಷಾರವನ್ನು ಅಳೆಯುವ ಕೆಎಚ್ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಅಡುಗೆ ಸೋಡಾ. ಸಾವಿರ ಲೀಟರಿಗೆ 30 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ, ನನ್ನ ಕೊಳಕ್ಕೆ 360 ಗ್ರಾಂ. ಬಕೆಟ್ಟಿನಲ್ಲಿ ಕರಗಿಸಿ ನಿಧಾನ ಸುರಿಯಬೇಕು.

ಜುಲೈನಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. 35 ವ್ಯಾಟಿನ ಗಾಳಿ ಪಂಪನ್ನು ಇನ್ವರ್ಟರಿಗೆ ಹಾಕಿದ್ದೇನೆ. ಅದೊಂದೇ ಓಡಿದರೆ ನಮ್ಮ 150 ಆಂಪಿಯರ್ ಅವರ್ ಬ್ಯಾಟರಿ ಒಂದು ಹಗಲು ರಾತ್ರಿ ದಾಟಿಸುತ್ತದೆ. ಆಮೇಲೆ ಚಿಕ್ಕ ಜನರೇಟರ್. ದೊಡ್ಡ ಪಂಪು ತುಂಬಾ ಹೊತ್ತು ನಿಂತಿದ್ದರೆ ಡ್ರಮ್ಮಿನಲ್ಲಿ ಕೊಳೆತ ನೀರನ್ನು ಹೊರಗೆ ಚೆಲ್ಲಿಯೇ ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ಅದೆಲ್ಲ ಮೀನಿನ ಮೈಮೇಲೆ ಬಂದು ಬೀಳುತ್ತದೆ.

ಸೋಮವಾರ ಔಷಧಿ ಹೊಡೆಯುವವರು ಬರುತ್ತಾರೆ. ಕೊಳ ಈಗ ಎತ್ತರದಲ್ಲಿದೆ, ಆದರೂ ಗಾಳಿಯನ್ನು ನಂಬುವ ಹಾಗಿಲ್ಲ. ಕಣದಲ್ಲಿ ಕಾಫಿ ಮುಚ್ಚುವ ಟಾರ್ಪಾಲನ್ನು ತೊಳೆದು, ಒಣಗಿಸಿ, ಕಟ್ಟೆಯ ಪಕ್ಕ ಮಡಚಿಟ್ಟಿದ್ದೇನೆ. ಬ್ಯಾರಲ್ ತೊಳೆಯುವುದು ಗೇಟಿನ ಕೆಳಗೆ ಎಂದು ಎಲ್ಲರಿಗೂ ಹೇಳಿಯಾಗಿದೆ.